ಬಚ್ಚಲಿನಲ್ಲಿ ಎರಡು ಮೊಲ

ಕೂತ ಕಡೆ ಕೂರುವ ಹುಡುಗಿಯಲ್ಲ ಎಂದು ಕೋರಮಂಡಲ್‌ನ ನಮ್ಮ ಲೈನಿನಲ್ಲೆಲ್ಲ ನನ್ನ ಹೆಸರು ಕೆಟ್ಟಿತ್ತು. ಊಟಕ್ಕೆ ಕೂತರೆ ಅರ್ಧ ಮುದ್ದೆಗೇ ಎದ್ದು ಬೀದಿ ನೋಡಿಬರಬೇಕು. ಓದಲು ಕೂತರೆ ಕಣ್ಣು ಪುಸ್ತಕದ ಮೇಲಿದ್ದರೂ ಕಾಲು ತನ್ನ ಪಾಡಿಗೆ ಕುಣಿಯುತ್ತಿತ್ತು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು, ಅದನ್ನು ಹೊಗಳಿಕೆ ಎಂದೇ ನಾನು ತಿಳಿದಿದ್ದೆ. ಈಗ ಬಂಗಾರಪೇಟೆಯಲ್ಲಿ ನನ್ನದೇ ಮನೆ, ನನ್ನದೇ ಸಂಸಾರ ಇದ್ದರೂ ಆ ಗುಣ ಹೋಗಿಲ್ಲ. ಇದನ್ನು ಬರೆಯುತ್ತಿರುವಾಗಲೂ ಸುಮ್ಮಸುಮ್ಮನೆ ಎದ್ದು ಹಿತ್ತಲ ಬಾಗಿಲಿನ ಚಿಲಕ ನೋಡಿ ಬರುತ್ತಿದ್ದೇನೆ. ಆದರೆ ಒಂದು ಬೇಸಿಗೆಯಲ್ಲಿ ಮಾತ್ರ ನಾನು ಕೂತಿದ್ದೆ. ಬಚ್ಚಲ ಕಲ್ಲಿನ ಮೇಲೆ, ಮಂಡಿ ಮಡಚಿ, ಮೂಗಿನ ಮೇಲಿನ ನೊಣವನ್ನೂ ಓಡಿಸದೆ ಕೂತಿದ್ದೆ. ಎರಡು ಮೊಲ ಒಂದಾಗಲಿ ಎಂದು ಕೂತಿದ್ದೆ. ಅವು ಒಂದಾಗದಿದ್ದರೆ ನನ್ನ ಚಿಕ್ಕಮ್ಮನ ಮಗಳು ರೂಪ ಹೊರಟುಹೋಗುತ್ತಿದ್ದಳು.

ನಮ್ಮದು ಚಿನ್ನದ ಗಣಿ ಕಂಪನಿ ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆ. ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ, ಅದರ ಹಿಂದೆ ತಡಿಕೆ ಕಟ್ಟಿದ ಸಣ್ಣ ಹಿತ್ತಲು, ಹಿತ್ತಲ ಮೂಲೆಯಲ್ಲಿ ತಾತ ಬದುಕಿದ್ದಾಗ ತಗಡು ನಿಲ್ಲಿಸಿ ಮಾಡಿದ ಬಚ್ಚಲು. ಗಣಿ ಮುಚ್ಚಿದ ಮೇಲೆ ಅಪ್ಪ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಯಾವುದೋ ಕಟ್ಟಡದ ಗೇಟು ಕಾಯುತ್ತಿದ್ದ. ಮನೆ ಮಾತ್ರ ಹೇಗೋ ನಮ್ಮ ಕೈಯಲ್ಲೇ ಉಳಿದಿತ್ತು. ಖಾಲಿ ಮಾಡಿಸುತ್ತಾರಂತೆ, ಇಲ್ಲ, ನಮಗೇ ಬರೆದುಕೊಡುತ್ತಾರಂತೆ ಎಂದು ಬೀದಿ ನಲ್ಲಿಯ ಹತ್ತಿರ ದಿನಕ್ಕೊಂದು ಸುದ್ದಿ ಹುಟ್ಟುತ್ತಿತ್ತು. ಗಾಳಿ ಎದ್ದರೆ ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಮಣ್ಣು ಹೆಂಚಿನ ಸಂದಿಯಿಂದ ಇಳಿದು ಅನ್ನದ ತಟ್ಟೆಗೂ ಬರುತ್ತಿತ್ತು, ಅಜ್ಜಿ ಗುಡಿಸಿದ್ದನ್ನೇ ಗುಡಿಸುತ್ತಿದ್ದಳು. ಪಕ್ಕದ ಸೆಲ್ವಿಯಕ್ಕನ ಮನೆಗೂ ನಮಗೂ ಒಂದೇ ಗೋಡೆ. ಅಲ್ಲಿ ಮೆಣಸಿನಕಾಯಿ ಹುರಿದರೆ ಇಲ್ಲಿ ನಾವು ಸೀನುತ್ತಿದ್ದೆವು. ಇಲ್ಲಿ ಯಾರಾದರೂ ದನಿ ಏರಿಸಿದರೆ ಅಲ್ಲಿ ಟೀವಿ ಸಣ್ಣಗಾಗುತ್ತಿತ್ತು. ಆ ಮನೆಯಲ್ಲಿ ಗುಟ್ಟು ಅನ್ನುವುದನ್ನು ಇಟ್ಟುಕೊಳ್ಳಲು ಜಾಗವೇ ಇರಲಿಲ್ಲ.

ಅಜ್ಜಿ ಅಂದರೆ ಅಪ್ಪನ ತಾಯಿ. ಮನೆ ಅವಳದು, ಮಾತೂ ಅವಳದು. ಆದರೆ ಯಾರಿಗೂ ಮುಖ ಕೊಟ್ಟು ಒಂದು ಮಾತು ಹೇಳಿದವಳಲ್ಲ. ಹೇಳಬೇಕಾದ್ದನ್ನು ಪಾತ್ರೆಗೋ ಪೊರಕೆಗೋ ಹೇಳುತ್ತಿದ್ದಳು, ಕೇಳಬೇಕಾದವರು ಕೇಳಿಸಿಕೊಳ್ಳಬೇಕು. ಅಮ್ಮ ಸಾರಿಗೆ ಉಪ್ಪು ಹೆಚ್ಚು ಹಾಕಿದ ದಿನ, ಇವತ್ತು ನಿನಗೆ ಕೆಲಸ ಜಾಸ್ತಿ ಎಂದು ನೀರಿನ ಬಿಂದಿಗೆಗೆ ಸಮಾಧಾನ ಹೇಳುತ್ತಿದ್ದಳು. ಅಪ್ಪ ಕೊನೆಯ ರೈಲಿಗೆ ಬಂದರೆ ಬೈಗುಳವೆಲ್ಲ ಚಿಲಕಕ್ಕೆ. ತಿರುಗಿ ಉತ್ತರ ಕೊಡೋಣವೆಂದರೆ ಬಿಂದಿಗೆಯ ಪರವಾಗಿ ಯಾರು ಮಾತಾಡುತ್ತಾರೆ? ಅಮ್ಮ ಮದುವೆಯಾಗಿ ಬಂದ ದಿನದಿಂದ ಹೀಗೇ ಬಿಂದಿಗೆಯ ಪಕ್ಕದಲ್ಲಿ ನಿಂತು ಕೇಳಿಸಿಕೊಂಡು ಬಂದಿದ್ದಳು.

ಅಣ್ಣತಮ್ಮ ಅಕ್ಕತಂಗಿ ಯಾರೂ ಇಲ್ಲದ ನನಗೆ ಜೊತೆಯಿರಲಿ ಎಂದು ಅಪ್ಪ ರೈಲಿನ ಗೆಳೆಯನೊಬ್ಬನಿಂದ ಒಂದು ಬಿಳಿ ಮೊಲ ತಂದಿದ್ದ. ಅದರ ಬಾಯಿ ಸದಾ ಆಡುವುದನ್ನು ಕಂಡು ಅಜ್ಜಿ ಅದಕ್ಕೆ ಸುಬ್ಬಿ ಎಂದು ಹೆಸರಿಟ್ಟಳು. ಸುಬ್ಬಿ ಎಂದರೆ ಎಲೆಅಡಿಕೆ ಬಿಡದ ಅವಳ ನಾದಿನಿ. ತಾತ ಗಣಿಯಿಂದ ತಂದಿದ್ದ ಸಿಡಿಮದ್ದಿನ ಮರದ ಪೆಟ್ಟಿಗೆಯೊಂದು ಹಿತ್ತಲಲ್ಲಿತ್ತು, ಅದಕ್ಕೇ ತಂತಿಬಲೆ ಬಡಿದು ಗೂಡು ಮಾಡಿದೆವು. ಸುಬ್ಬಿಗೆ ಗರಿಕೆ, ಮೂಲಂಗಿ ಸೊಪ್ಪು, ಕೊತ್ತಂಬರಿ ದಂಟು ತಂದು ಹಾಕುವುದು ನನ್ನ ಕೆಲಸ. ದಿಬ್ಬದ ಬುಡದ ಹುಲ್ಲು ಮುಟ್ಟಬಾರದು, ಅದು ವಿಷ ಎಂದು ಅಜ್ಜಿಯ ಅಪ್ಪಣೆ, ಅದಕ್ಕೆ ರೈಲು ಹಳಿಯ ಕಡೆಗೆ ಹೋಗುತ್ತಿದ್ದೆ. ಸುಬ್ಬಿ ನನ್ನನ್ನು ಕಂಡರೆ ಹತ್ತಿರ ಬರುತ್ತಿತ್ತು, ಆದರೆ ನಾನು ನಿಂತಲ್ಲಿ ನಿಲ್ಲದವಳು. ಅದು ಬರುವಷ್ಟರಲ್ಲಿ ನಾನು ಬೇರೆಲ್ಲೋ ಇರುತ್ತಿದ್ದೆ.

ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ ಜಯ, ಒಂದು ಮಟಮಟ ಮಧ್ಯಾಹ್ನ ಬೂದಿಕೋಟೆಯಿಂದ ಬಂದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಮಗಳು ರೂಪ. ರೂಪಳ ಕೈಯಲ್ಲಿ ಟವೆಲ್ ಮುಚ್ಚಿದ ತಂತಿ ಬುಟ್ಟಿ. ಬುಟ್ಟಿಯೊಳಗೆ ಹುರಿಗಡಲೆ ಸಿಪ್ಪೆಯ ಬಣ್ಣದ ಒಂದು ಮೊಲ, ಅದರ ಹೆಸರು ಕಡ್ಲೆ. ಎರಡು ಬಸ್ಸು ಬದಲಿಸಿ ಬಂದ ಅದು ಬಾಯಿ ತೆರೆದು ಉಸಿರಾಡುತ್ತಿತ್ತು. ಚಿಕ್ಕಮ್ಮನ ಒಂದು ಕೈಯಲ್ಲಿ ಬಳೆಗಳಿರಲಿಲ್ಲ, ಬಳೆ ಇರಬೇಕಾದ ಕಡೆ ನೀಲಿಗಟ್ಟಿತ್ತು. ಅಮ್ಮ ಅದನ್ನು ನೋಡಿ ಒಳಗೆ ಹೋಗಿ ಒಲೆಗೆ ಮುದ್ದೆಯ ಎಸರಿಟ್ಟಳು. ಅಜ್ಜಿಯೂ ನೋಡಿದಳು. ಹೊಡೆಯುವ ಗಂಡನನ್ನು ಬಿಟ್ಟು ಬಂದವಳನ್ನು ಒಂದೇ ಗೋಡೆಯ ಈ ಲೈನಿನಲ್ಲಿ ಇಟ್ಟುಕೊಳ್ಳುವುದು, ಅದೂ ಸೊಸೆಯ ತಂಗಿಯನ್ನು, ಅಜ್ಜಿಗೆ ಬೇಡವಾಗಿತ್ತು. ಹಾಗೆಂದು ಬಾಯಿಬಿಟ್ಟು ಹೋಗು ಅನ್ನಲಾರಳು. ಉಂಡು ಮುಗಿಯುವವರೆಗೂ ಸುಮ್ಮನಿದ್ದು, ಆಮೇಲೆ ಹಿತ್ತಲಿಗೆ ಬಂದು ಬುಟ್ಟಿಯ ಮುಂದೆ ಕೂತು ಕಡ್ಲೆಗೆ ಹೇಳಿದಳು:

"ನಮ್ಮನೇಲಿ ಇರೋದು ಒಂದೇ ಗೂಡು ಕಣಮ್ಮ. ಒಂದಾಗಿದ್ರೆ ಇರು. ಕಿತ್ತಾಡಿದ್ರೆ ಬಂದ ದಾರೀಲೇ ಓಗ್ತಾ ಇರ್ಬೇಕು."

ಅಡುಗೆಮನೆಯಲ್ಲಿ ಚಿಕ್ಕಮ್ಮನ ಕೈ ತಟ್ಟೆ ತೊಳೆಯುವುದನ್ನು ನಿಲ್ಲಿಸಿತು. ರೂಪ ನನಗಿಂತ ಒಂದು ಗೇಣು ಗಿಡ್ಡ, ಆದರೆ ಹಟದಲ್ಲಿ ನಮ್ಮೆಲ್ಲರಿಗಿಂತ ಎತ್ತರ. ಬುಟ್ಟಿಯನ್ನು ಎದೆಗೆ ಅವಚಿಕೊಂಡು, ಕಡ್ಲೆ ಹೋದರೆ ತಾನೂ ಹೋಗುವುದಾಗಿ ಹೇಳಿಬಿಟ್ಟಳು. ಮಗಳು ಹೋದರೆ ತಾಯಿ ಇಲ್ಲಿರುತ್ತಾಳೆಯೇ? ಅಂತೂ ತಾಯಿಮಗಳು ಇರುವುದೋ ಹೋಗುವುದೋ ಅನ್ನುವುದು ಹೀಗೆ ಎರಡು ಮೊಲಗಳ ತಲೆಯ ಮೇಲೆ ಬಂದು ಕೂತಿತು. ನನಗಂತೂ ಅವಳು ಹೋಗುವುದು ಬೇಡವೇ ಬೇಡ. ಅವತ್ತು ಸಂಜೆ ನಾನು ಓದಲು ಕೂತಾಗ ಎಂದಿನಂತೆ ಕಾಲು ಕುಣಿಯತೊಡಗಿತು. ರೂಪ ತನ್ನ ಪಾದವನ್ನು ನನ್ನ ಪಾದದ ಮೇಲಿಟ್ಟಳು. ಕಾಲು ನಿಂತಿತು. ಅಲ್ಲಿಯವರೆಗೆ ಬೈಗುಳಕ್ಕೂ ಏಟಿಗೂ ನಿಲ್ಲದ ಕಾಲು ಅದು. ಇವಳು ಇಲ್ಲೇ ಇರಲಿ ದೇವರೇ ಎಂದು ನಾನು ಆಗಲೇ ಕೇಳಿಕೊಂಡೆ.

ಮೊದಲ ದಿನವೇ ಕಡ್ಲೆಯನ್ನು ಪೆಟ್ಟಿಗೆಗೆ ಬಿಟ್ಟೆವು. ಸುಬ್ಬಿ ಒಂದು ಗಳಿಗೆ ಕಲ್ಲಾಗಿ ನಿಂತಿತು, ಆಮೇಲೆ ಹಿಂಗಾಲು ನೆಲಕ್ಕೆ ಬಡಿದು ಮೇಲೆ ಬಿದ್ದಿತು. ಎರಡೂ ಗಿರಗಿರ ಸುತ್ತಿ, ಉರುಳಾಡಿ, ಪೆಟ್ಟಿಗೆಯ ತುಂಬ ಬಿಳಿ ಕೂದಲು, ಕಂದು ಕೂದಲು. ಕೈ ಹಾಕಿ ಬಿಡಿಸುವಷ್ಟರಲ್ಲಿ ಕಡ್ಲೆಯ ಕಿವಿಯ ತುದಿ ಹರಿದು ರಕ್ತ ಬಂದಿತ್ತು, ನನ್ನ ಹೆಬ್ಬೆರಳಿಗೂ ಹಲ್ಲು ನಾಟಿತ್ತು. ಅಜ್ಜಿ ಮೊರಕ್ಕೆ ಮಾತ್ರ ಏನೋ ಹೇಳಿ ಒಳಗೆ ಹೋದಳು. ಬುಟ್ಟಿಯನ್ನು ಪೆಟ್ಟಿಗೆಯ ಪಕ್ಕದಲ್ಲಿಟ್ಟರೆ ತಂತಿಯ ಸಂದಿಯಿಂದಲೇ ಒಂದನ್ನೊಂದು ಕಚ್ಚಲು ನೋಡುತ್ತಿದ್ದವು. ಮನೆಯೊಳಗೂ ಯಾರಿಗೂ ನೆಲೆಯಿಲ್ಲ. ದೊಡ್ಡ ರಸ್ತೆಯಲ್ಲಿ ಬಸ್ಸು ನಿಂತ ಸದ್ದಾದರೆ ಗಂಡ ಬಂದನೇನೋ ಎಂದು ಚಿಕ್ಕಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಹೋಗಿ ನೋಡಿ ಬರುತ್ತಿದ್ದಳು. ಅವಳು ಎದ್ದರೆ ಅಮ್ಮ ಏಳುತ್ತಿದ್ದಳು, ಅಮ್ಮ ಎದ್ದರೆ ನಾನು. ಒಂದು ನಾಲ್ಕು ದಿನ ನೋಡೋಣ ಬಿಡಿ ಎಂದು ಅಪ್ಪ ಶೂ ಬಿಚ್ಚುತ್ತ ಗೋಡೆಗೆ ಹೇಳಿದ. ತಾಯಿಯ ಮುಂದೆ ಅವನಿಗೂ ಅದೇ ಅಭ್ಯಾಸ.

ಚಿಕ್ಕಮ್ಮ ಬೂದಿಕೋಟೆಯಲ್ಲಿ ಹಸು ಸಾಕಿ ಡೈರಿಗೆ ಹಾಲು ಹಾಕುತ್ತಿದ್ದವಳು. ಒದೆಯುವ ಹಸು ಅವಳ ಕೈಗೆ ಬಂದರೆ ತಣ್ಣಗಾಗುತ್ತಿತ್ತಂತೆ. ಎರಡು ಪುಟ್ಟ ಪ್ರಾಣಿಗಳ ಮುಂದೆ ಸೋಲುವುದು ಅವಳಿಗೆ ನಾಚಿಕೆಯ ವಿಷಯವಾಗಿತ್ತು. ಒಂದು ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಅಮ್ಮನಿಗೆ ಹೇಳಿದಳು:

"ಕರು ಸತ್ತ ಅಸೂಗೆ ಬೇರೆ ಕರು ಒಗ್ಗಿಸಿದೀನಿ ಅಕ್ಕ. ಕರು ಬೆನ್ನಿಗೆ ಬೆಲ್ಲ ಸವರಿದ್ರೆ ನೆಕ್ತಾ ನೆಕ್ತಾ ನಂದೇ ಅಂದ್ಕಂತೈತೆ. ಇವೇನ್ ಮಹಾ, ಅಂಗೈಯಷ್ಟಿಲ್ಲ."

ಬೆಲ್ಲದ ಡಬ್ಬಿ ಅಜ್ಜಿಯ ವಶದಲ್ಲಿತ್ತು. ಕೇಳುವುದು ಹೇಗೆ ಎಂದು ಅಮ್ಮ ನಿಂತಿದ್ದಾಗ, ಈ ಕಾಲದಲ್ಲಿ ಮೊಲಕ್ಕೂ ಬೆಲ್ಲ ಬೇಕಂತೆ ಎಂದು ಡಬ್ಬಿಗೇ ದೂರು ಹೇಳುತ್ತ ಅಜ್ಜಿ ಒಂದು ಅಚ್ಚು ತೆಗೆದು ಹೊಸಿಲ ಮೇಲಿಟ್ಟಳು. ಚಿಕ್ಕಮ್ಮ ಅದನ್ನು ಕರಗಿಸಿ, ಒಂದು ಚಿಟಿಕೆ ಉಪ್ಪು ಸೇರಿಸಿ, ಎರಡು ಮೊಲಗಳ ಬೆನ್ನಿಗೂ ಬಳಿದಳು. ಪೆಟ್ಟಿಗೆಯ ನಡುವೆ ಒಂದು ಹಲಗೆ ನಿಲ್ಲಿಸಿ, ಅದರ ಸಂದಿಯಲ್ಲಿ ಮೂಗು ತೂರುವಷ್ಟು ಜಾಗ ಬಿಟ್ಟು ಎರಡನ್ನೂ ಒಳಗಿಟ್ಟೆವು. ನೆಕ್ಕಿದವು, ನೆಕ್ಕಲಿಲ್ಲ ಎನ್ನುವಂತಿಲ್ಲ. ಆದರೆ ಸುಬ್ಬಿ ಸುಬ್ಬಿಯನ್ನೇ ನೆಕ್ಕಿಕೊಂಡಿತು, ಕಡ್ಲೆ ಕಡ್ಲೆಯನ್ನೇ. ಕತ್ತು ಹಿಂದಕ್ಕೆ ತಿರುಗಿಸಿ ಅಷ್ಟು ಶ್ರದ್ಧೆಯಿಂದ ತಮ್ಮ ತಮ್ಮ ಬೆನ್ನು ನೆಕ್ಕಿಕೊಳ್ಳುವುದನ್ನು ನೋಡಿ ಅಮ್ಮ ಬಾಯಿಗೆ ಸೆರಗು ಹಿಡಿದಳು. ಆ ಹೊತ್ತಿಗೇ ನಲ್ಲಿಯಲ್ಲಿ ನೀರು ಬಂತೆಂದು ಬೀದಿಯಲ್ಲಿ ಕೂಗಾಯಿತು. ನೀರು ಬಂತೆಂದರೆ ನಮ್ಮ ಕಡೆ ಹೆಣ ಬಿಟ್ಟಾದರೂ ಓಡಬೇಕು. ಕೊಡ ಬಿಂದಿಗೆ ಸಿಕ್ಕಿದ್ದೆಲ್ಲ ಹಿಡಿದು ಎಲ್ಲರೂ ಓಡಿದೆವು.

ವಾಪಸು ಬಂದಾಗ ಗೋಡೆಯ ಬಿರುಕಿನಿಂದ ಪೆಟ್ಟಿಗೆಯವರೆಗೆ ಕೆಂಜಿರುವೆಯ ಸಾಲು ಹರಿದಿತ್ತು. ಮೊಲ ಕಿರುಚುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೆಯೂ ಕೇಳಿಲ್ಲ. ಎಳೆಗೂಸು ಕೂಗಿದ ಹಾಗಿತ್ತು. ಅಜ್ಜಿಯೇ ಮೊದಲು ಕೈ ಹಾಕಿ ಎರಡನ್ನೂ ಎತ್ತಿ ಬಚ್ಚಲಿಗೆ ಒಯ್ದಳು. ಒದ್ದೆ ಬಟ್ಟೆಯಲ್ಲಿ ಬೆಲ್ಲ ಒರೆಸಿ, ಕೂದಲು ಬಿಡಿಸಿ ಬಿಡಿಸಿ ಒಂದೊಂದೇ ಇರುವೆ ಕಿತ್ತು ಹಾಕಿದಳು, ಅವಳ ಬೆರಳೂ ಕೆಂಪಾದವು. ಚಿಕ್ಕಮ್ಮ ಗೋಡೆಗೊರಗಿ ಅಳುತ್ತಿದ್ದಳು, ತಾನು ಕೈ ಇಟ್ಟದ್ದೆಲ್ಲ ಹೀಗೇ ಆಗುತ್ತದೆ ಎಂದು. ಅಮ್ಮ ಅವಳ ಬೆನ್ನು ಸವರುತ್ತಿದ್ದಳು. ಒಣ ಪಂಚೆಯಲ್ಲಿ ಒರೆಸಿ ಎರಡನ್ನೂ ಕೆಳಗಿಟ್ಟಾಗ ನಾನು ಅವುಗಳ ನಡುವೆ ಕೈ ಚಾಚಿದೆ, ಈಗ ಮತ್ತೆ ಶುರುವಾಗುತ್ತದೆ ಎಂದು. ಶುರುವಾಗಲಿಲ್ಲ. ಎರಡೂ ಬಚ್ಚಲ ಒಂದೇ ಮೂಲೆಗೆ ನುಗ್ಗಿ, ಒಂದಕ್ಕೊಂದು ಒತ್ತಿಕೊಂಡು, ನಡುಗುತ್ತ ಕೂತವು. ಚಿಕ್ಕಮ್ಮ ಅಳು ನಿಲ್ಲಿಸಿ ನೋಡಿದಳು. ಬಹಳ ಹೊತ್ತು ನೋಡಿದ ಮೇಲೆ ಮೂಗು ಒರೆಸಿಕೊಂಡು ಹೇಳಿದಳು:

"ಆ ಪೆಟ್ಟಿಗೆ ಸುಬ್ಬಿ ಮನೆ ಅಕ್ಕ. ಅಲ್ಲಿ ಇದು ಬಂದ್ರೆ ಅದು ಎಂಗೆ ಸುಮ್ಕಿರ್ತೈತೆ? ಈ ಜಾಗ ಇಬ್ರದೂ ಅಲ್ಲ."

ಅಲ್ಲಿಂದ ಬಚ್ಚಲೇ ನಮ್ಮ ಶಾಲೆ. ಬೆಳಿಗ್ಗೆ ಎಲ್ಲರ ಸ್ನಾನ ಮುಗಿದ ಮೇಲೆ ಕಲ್ಲು ಒರೆಸಿ, ಗೋಣಿ ಹಾಸಿ, ಎರಡನ್ನೂ ಬಿಟ್ಟು ನಾನೂ ರೂಪಳೂ ಎದುರುಬದುರು ಕೂರುತ್ತಿದ್ದೆವು. ಇರುವೆಯ ಭಯ ಆರಿದ ಮೇಲೆ ಅವುಗಳ ಹಳೆಯ ಬುದ್ಧಿ ಒಂದಿಷ್ಟು ಮರಳಿತು. ಸುಬ್ಬಿ ಕಡ್ಲೆಯ ಬೆನ್ನಟ್ಟುವುದು, ಬಾಲದ ಕೂದಲು ಕೀಳುವುದು, ಕಡ್ಲೆ ನನ್ನ ಲಂಗದಡಿ ಬಚ್ಚಿಟ್ಟುಕೊಳ್ಳುವುದು ನಡೆದೇ ಇತ್ತು. ನಡುವೆ ಅಂಗೈ ಅಡ್ಡ ಹಿಡಿದು ಕಾಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಾಡಬಾರದು. ನಾನು ಎದ್ದರೆ, ಕಾಲು ಕುಣಿಸಿದರೆ, ಸುಬ್ಬಿ ಬೆದರಿ ಮೊದಲು ಕಡ್ಲೆಯ ಮೇಲೆ ಎರಗುತ್ತಿತ್ತು. ಇದು ಗೊತ್ತಾದ ದಿನ ನನಗೆ ದಿಗಿಲಾಯಿತು. ಜಗತ್ತಿನಲ್ಲಿ ನನ್ನಿಂದಾಗದ ಕೆಲಸ ಒಂದೇ ಒಂದಿದ್ದರೆ ಅದು ಇದು, ಅದೇ ನನ್ನ ಪಾಲಿಗೆ ಬರಬೇಕೆ? ಮೈಯೆಲ್ಲ ತುರಿಸುತ್ತಿತ್ತು, ಬೀದಿಯಲ್ಲಿ ಐಸ್‌ಕ್ಯಾಂಡಿಯವನ ಗಂಟೆ ಗಣಗಣಿಸುತ್ತಿತ್ತು, ಬಸ್ಸಿನ ಸದ್ದಿಗೆ ಚಿಕ್ಕಮ್ಮ ಬಾಗಿಲಿಗೆ ಓಡುವ ಹೆಜ್ಜೆ ಕೇಳುತ್ತಿತ್ತು. ಏಳಬೇಕು ಅನ್ನಿಸಿದಾಗಲೆಲ್ಲ ರೂಪಳ ಮುಖ ನೋಡುತ್ತಿದ್ದೆ. ಅವಳು ಮೆಲ್ಲಗೆ ಕಾಲು ಚಾಚಿ ನನ್ನ ಪಾದದ ಮೇಲಿಡುತ್ತಿದ್ದಳು.

ಸುಬ್ಬಿ ಮಲಗುವ ಗೋಣಿಯನ್ನು ಕಡ್ಲೆಗೂ ಕಡ್ಲೆಯದನ್ನು ಸುಬ್ಬಿಗೂ ಹಾಕೋಣ, ವಾಸನೆಯಾದರೂ ಒಗ್ಗಲಿ ಎಂದು ರೂಪಳೇ ಹೇಳಿದಳು. ದಿನ ಕಳೆದ ಹಾಗೆ ಒಂದೇ ರಾಶಿ ಕೊತ್ತಂಬರಿ ದಂಟನ್ನು ಎರಡು ಕಡೆಯಿಂದ ತಿನ್ನತೊಡಗಿದವು. ಆಮೇಲೆ ಬೆನ್ನಿಗೆ ಬೆನ್ನು ತಿರುಗಿಸಿ ಮುಖ ತೊಳೆದುಕೊಳ್ಳುವುದು, ಇನ್ನೊಂದು ಇಲ್ಲವೇ ಇಲ್ಲ ಅನ್ನುವ ಹಾಗೆ. ಅಜ್ಜಿಯೂ ಹಾಗೇ. ಸೊಪ್ಪು ಬಿಡಿಸುವ ನೆಪದಲ್ಲಿ ಒರಳುಕಲ್ಲಿನ ಮೇಲೆ ಕೂತು, ಬಚ್ಚಲ ಕಡೆ ನೋಡದ ಹಾಗೆ ನೋಡುತ್ತಿದ್ದಳು. ಬರಬರುತ್ತ ಸೊಪ್ಪಿನ ದಂಟೆಲ್ಲ ನಮ್ಮ ಪಕ್ಕದಲ್ಲಿ ತಾನಾಗಿ ಬಂದು ಬೀಳುತ್ತಿತ್ತು. ಒಂದು ಬೆಳಿಗ್ಗೆ ಸುಬ್ಬಿ ನಿಧಾನವಾಗಿ ಕಡ್ಲೆಯ ಮುಂದೆ ಬಂತು. ತಲೆಯನ್ನು ನೆಲಕ್ಕೆ ಚಪ್ಪಟೆ ಇಟ್ಟು ಕಣ್ಣು ಅರ್ಧ ಮುಚ್ಚಿತು. ಕಡ್ಲೆ ಸ್ವಲ್ಪ ಯೋಚಿಸಿತು. ಆಮೇಲೆ ಮುಂದೆ ಬಾಗಿ ಸುಬ್ಬಿಯ ಹಣೆ ನೆಕ್ಕಿತು. ಹಣೆ, ಕಣ್ಣಿನ ಸುತ್ತ, ಕಿವಿಯ ಬುಡ. ಬೆಲ್ಲವೂ ಇಲ್ಲ, ಉಪ್ಪೂ ಇಲ್ಲ. ಎದ್ದು ಕುಣಿಯಬೇಕು, ಲೈನಿಗೆಲ್ಲ ಕೇಳುವ ಹಾಗೆ ಕೂಗಬೇಕು ಅನ್ನಿಸಿತು. ಕೂತೇ ಇದ್ದೆ. ಕಣ್ಣಲ್ಲಿ ನೀರು ಇಳಿದರೂ ಒರೆಸಿಕೊಳ್ಳಲಿಲ್ಲ. ಅಷ್ಟು ಸಂತೋಷವನ್ನು ಅಲ್ಲಾಡದೆ ಹಿಡಿದುಕೊಂಡಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

ಪೆಟ್ಟಿಗೆಯನ್ನು ಬಿಸಿನೀರು ಹಾಕಿ ಉಜ್ಜಿ, ಬಿಸಿಲಿಗೆ ಒಣಗಿಸಿ, ಹಳೆಯ ಜಾಗದಿಂದ ಎತ್ತಿ ಬಚ್ಚಲ ಪಕ್ಕಕ್ಕೆ ತಂದಿಟ್ಟೆವು, ಸುಬ್ಬಿಗೂ ಅದು ಹೊಸ ಮನೆ ಅನ್ನಿಸಲಿ ಎಂದು. ಎರಡನ್ನೂ ಒಟ್ಟಿಗೆ ಬಿಟ್ಟ ದಿನ ನಾವಿಬ್ಬರೂ ಅದರ ಮುಂದೆಯೇ ಠಿಕಾಣಿ ಹೂಡಿದ್ದೆವು. ಆ ದಿನವೇ ಚಿಕ್ಕಪ್ಪ ಬಂದ. ಬಸ್ಸಿನ ಸದ್ದಿಗೆ ಚಿಕ್ಕಮ್ಮ ಬಾಗಿಲಿಗೆ ಹೋದವಳು ಹಾಗೇ ಹಿಂದೆ ಸರಿದು ಅಡುಗೆಮನೆಗೆ ಬಂದಳು. ಅವನು ನಗುತ್ತಲೇ ಒಳಗೆ ಬಂದು, ಕಾಲು ಚಾಚಿ ಕೂತು, ಅಮ್ಮ ಕೊಟ್ಟ ಕಾಫಿ ಕುಡಿದ. ಊರಿನಲ್ಲಿ ಜನ ಏನೇನೋ ಆಡಿಕೊಳ್ಳುತ್ತಿದ್ದಾರೆ, ಹಸುಗಳು ಹಾಲು ಕೊಡುತ್ತಿಲ್ಲ, ತಾನು ಏನೋ ಕೋಪದಲ್ಲಿ ಒಂದು ಏಟು ಹಾಕಿದರೆ ಇಷ್ಟು ದೂರ ಎಳೆಯಬೇಕಿತ್ತೆ ಎಂದೆಲ್ಲ ಹೇಳಿದ. ಹಿತ್ತಲ ಬಾಗಿಲಿನಿಂದ ನಮಗೆ ಮುಂಬಾಗಿಲಲ್ಲಿ ಬಿಟ್ಟಿದ್ದ ಅವನ ಚಪ್ಪಲಿ ಕಾಣುತ್ತಿತ್ತು. ಅಪ್ಪ ಕೆಲಸಕ್ಕೆ ಹೋಗಿದ್ದ. ಅಮ್ಮ ಅತ್ತೆಯ ಮುಂದೆ ಬಾಯಿ ತೆರೆಯುವವಳಲ್ಲ. ಲೋಟ ಕೆಳಗಿಟ್ಟು ಅವನು ಅಡುಗೆಮನೆಯ ಕಡೆಗೆ ಹೇಳಿದ:

"ಆಯ್ತಲ್ಲ, ಅಕ್ಕನ ಮನೇಲಿ ಉಂಡಿದ್ದು. ಚೀಲ ತಗೋ, ನಡಿ. ಎಷ್ಟು ದಿನ ಅಂತ ಬೇರೇರ ಮನೇಲಿ ಬಿದ್ದಿರ್ತೀಯ?"

ದನಿ ದೊಡ್ಡದಿತ್ತು. ಪೆಟ್ಟಿಗೆಯಲ್ಲಿ ಸುಬ್ಬಿ ಹಿಂಗಾಲು ಬಡಿಯಿತು. ಪಕ್ಕದ ಮನೆಯ ಟೀವಿ ಸಣ್ಣಗಾಯಿತು. ಈಗ ಎರಡೂ ಕಿತ್ತಾಡುತ್ತವೆ, ಎಲ್ಲ ಮುಗಿಯಿತು ಎಂದುಕೊಂಡೆ. ಓಡಬೇಕು ಅನ್ನಿಸಿದರೂ ಓಡದೆ ತಂತಿಯ ಮೇಲೆ ಅಂಗೈ ಇಟ್ಟು ಕೂತೆ. ಕಡ್ಲೆ ಸುಬ್ಬಿಯ ಕತ್ತಿನಡಿ ತಲೆ ತೂರಿಸಿತು. ಸುಬ್ಬಿ ಅದರ ಮೇಲೆ ಗದ್ದ ಊರಿ ಕಲ್ಲಾಗಿ ನಿಂತಿತು, ಆದರೆ ಕಚ್ಚಲಿಲ್ಲ. ಒರಳುಕಲ್ಲಿನ ಮೇಲಿದ್ದ ಅಜ್ಜಿ ಅದನ್ನು ನೋಡಿದಳು. ಸೊಪ್ಪಿನ ಮೊರ ಪಕ್ಕಕ್ಕಿಟ್ಟು, ಮಂಡಿ ಹಿಡಿದು ಎದ್ದು, ನಡುಬಾಗಿಲಿಗೆ ಹೋಗಿ ನಿಂತಳು.

"ಆ ಎರಡು ಮೊಲಾನ ಈಗ ಬಿಡಿಸಂಗಿಲ್ಲ ಕಣಪ್ಪ. ಬಿಡಿಸಿದ್ರೆ ಒಂದೂ ಮೇವು ಮುಟ್ಟಾಕಿಲ್ಲ."

ಚಿಕ್ಕಪ್ಪ ನಕ್ಕ. ಮೊಲ ಯಾರಿಗೆ ಬೇಕು, ನೀವೇ ಇಟ್ಟುಕೊಳ್ಳಿ ಎಂದ. ಅಜ್ಜಿ ತಲೆಯಾಡಿಸಿದಳು, ಅವನಿಗೆ ಲೆಕ್ಕ ತಿಳಿಯಲಿಲ್ಲ ಅನ್ನುವ ಹಾಗೆ.

"ಮೊಲ ಬಿಟ್ಟು ಮಗು ಬರಾಕಿಲ್ಲ. ಮಗು ಬಿಟ್ಟು ತಾಯಿ ಬರಾಕಿಲ್ಲ. ಏನ್ ಮಾಡಾನ, ಒಂದಾಗೋದ್ವಲ್ಲ."

ಅವನ ನಗು ನಿಂತಿತು. ಇದೇನು ಮೊಲದ ಕಥೆ ಎಂದು ಎದ್ದು ನಿಂತು, ಬಾಗಿಲ ಚೌಕಟ್ಟಿಗೆ ಅಂಗೈ ಬಡಿದು, ಹೆಂಡತಿಯ ಹೆಸರು ಹಿಡಿದು ಕೂಗಿದ. ಹೊರಗೆ ಸೆಲ್ವಿಯಕ್ಕ ಕೈಯಲ್ಲಿ ಸೌಟು ಹಿಡಿದೇ ಜಗಲಿಗೆ ಬಂದು ನಿಂತದ್ದು ಕಂಡಿತು, ಅವಳ ಹಿಂದೆ ಇನ್ನೂ ಇಬ್ಬರು. ಅಜ್ಜಿ ಇಷ್ಟು ದಿನ ಹೆದರಿದ್ದು ಇದಕ್ಕೇ, ಲೈನಿನವರ ಕಣ್ಣಿಗೆ. ಚಿಕ್ಕಮ್ಮ ಅಡುಗೆಮನೆಯಿಂದ ಹೊರಗೆ ಬಂದಳು, ಕೈಯಲ್ಲಿ ಚೀಲ ಇರಲಿಲ್ಲ. ತಾನು ಬರುವುದಿಲ್ಲ ಎಂದಳು. ನನಗೇ ಸರಿಯಾಗಿ ಕೇಳದಷ್ಟು ಮೆಲ್ಲಗೆ ಹೇಳಿದಳು, ಆದರೆ ಹೇಳಿದಳು. ಅವನು ಒಂದು ಹೆಜ್ಜೆ ಮುಂದಿಟ್ಟ. ಅಜ್ಜಿ ಅಡ್ಡ ಬಂದು ನಿಂತು, ತಲೆಯೆತ್ತಿ ಅವನ ಮುಖವನ್ನು ನೇರವಾಗಿ ನೋಡಿದಳು. ಅವಳು ಹಾಗೆ ಯಾರನ್ನಾದರೂ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಕೈ ಮಾಡೋ ಮನೆಗೆ ನಮ್ ಎಣ್ಮಗೀನ ಕಳ್ಸಾಕಿಲ್ಲ. ಓಗು."

ಅವನು ಬೀದಿಯ ಜನರನ್ನು ನೋಡಿದ, ಅಜ್ಜಿಯನ್ನು ನೋಡಿದ. ಏನೋ ಗೊಣಗುತ್ತ ಚಪ್ಪಲಿ ಮೆಟ್ಟಿ ಹೋದ. ಅವನು ತಿರುವು ದಾಟುವವರೆಗೂ ಸೆಲ್ವಿಯಕ್ಕ ಸೌಟು ಇಳಿಸಲಿಲ್ಲ. ಅಮ್ಮ ತಂಗಿಯ ಕೈ ಹಿಡಿದುಕೊಂಡು, ಅತ್ತೆ ಈಗ ಏನು ಹೇಳುತ್ತಾರೋ ಎಂದು ನಿಂತಿದ್ದಳು. ಅಜ್ಜಿಗೆ ಆಗಲೇ ಸಂಕೋಚ ಹಿಡಿದಿತ್ತು. ಯಾರ ಮುಖವನ್ನೂ ನೋಡದೆ ಹಿತ್ತಲಿಗೆ ಬಂದು, ನೀರಿನ ಬಿಂದಿಗೆಯ ಮುಂದೆ ಕೂತು, ಅದರ ಕತ್ತು ಹಿಡಿದು ಅಲ್ಲಾಡಿಸಿ ನೀರು ಎಷ್ಟಿದೆ ಎಂದು ನೋಡಿದಳು.

"ಇಷ್ಟು ಜನಕ್ಕೆ ನಿನ್ನೊಬ್ಳಿಂದ ಎಲ್ಲಿ ಸಾಕಾಯ್ತದಮ್ಮ? ದಿನಾ ಇನ್ನೊಂದು ಬಿಂದಿಗೆ ತರ್ಬೇಕು ಅಂತ ಈ ಮನೇಲಿ ಯಾರಿಗೂ ತಿಳಿಯಾಕಿಲ್ಲ."

ಅಮ್ಮನ ಅಳು ಅಲ್ಲಿ ಒಡೆಯಿತು. ನಾನು ಪೆಟ್ಟಿಗೆಯಿಂದ ಕೈ ತೆಗೆದೆ, ಅಂಗೈಯಲ್ಲಿ ತಂತಿಯ ಗುರುತು ಮೂಡಿತ್ತು, ಕಾಲು ಜೋಮು ಹಿಡಿದಿತ್ತು. ರೂಪ ಒಂದು ಕೊಡ ಎತ್ತಿಕೊಂಡಳು, ನಾನು ಇನ್ನೊಂದು. ಆ ಹೊತ್ತಿನಲ್ಲಿ ನಲ್ಲಿಯಲ್ಲಿ ಹನಿ ನೀರೂ ಬರುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ಓಡಿದೆವು.